ಬೆಂಕಿ ಆರಿದ ಆವೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಜೆಯಲ್ಲಿ ಊರಿಗೆ ಹೋದವನು ನೇತ್ರಾವತಿ ದಂಡೆಯ ಮುಚ್ಚಿಹೋದ ಹಂಚು-ಇಟ್ಟಿಗೆ ಕಾರ್ಖಾನೆಯೊಂದನ್ನು ಹೊಕ್ಕು ನೋಡಿ ಬಂದೆನು. ಮಂಗಳೂರಿನಲ್ಲಿ ಈ ಉದ್ಯೋಗವನ್ನು 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದರು. ಅದನ್ನು ಕಂಡು ಬೇರೆಯವರೂ ಕಾರ್ಖಾನೆ ಹಾಕಿದರು. ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಡಗಿನಲ್ಲಿ ಹೋಗುತ್ತಿತ್ತು. ಕಾಂಕ್ರೀಟು ತಾರಸಿ ಬಂದ ಮೇಲೆ ಒಂದೊಂದಾಗಿ ಮುಚ್ಚತೊಡಗಿದವು.

ಆವೆಯೊಳಗೆ ಬಗ್ಗಿ ಹೋದೆ. ಸಾಲು ಸಾಲು ಕೋಣೆಗಳು. ಒಂದು ಕೋಣೆಯ ಬೆಂಕಿಯ ಬಿಸಿಯೇ ಮುಂದಿನ ಕೋಣೆಯ ಹಸಿ ಇಟ್ಟಿಗೆಯನ್ನು ಕಾಯಿಸುವ ಏರ್ಪಾಡು. ಬೆಂಕಿ ಆರುವಂತಿಲ್ಲ, ರಾತ್ರಿ ಪಾಳಿಯವನು ಕಣ್ಣು ಮುಚ್ಚುವಂತಿಲ್ಲ. ನಮ್ಮ ಇಡ್ಲಿ ಒಲೆಯೇ ವಾಸಿ! ಈಗ ಅಲ್ಲಿ ಬಾವಲಿಗಳ ಬಿಡಾರ.

ಯಂತ್ರಗಳು ಒಂದೂ ಇಲ್ಲ. ಕಚೇರಿಯಲ್ಲಿ ಹಾಜರಿ ಪುಸ್ತಕಗಳು ಮಾತ್ರ ಬಿದ್ದಿದ್ದವು, ಗೆದ್ದಲು ಹಿಡಿದು. ಮುಟ್ಟಿದರೆ ಉದುರುತ್ತವೆ. ಮಣ್ಣು ಹೊತ್ತ ಎಷ್ಟು ಹೆಂಗಸರ ಹೆಸರುಗಳೋ ಅದರಲ್ಲಿ! 1972ರ ಗ್ರಾಚ್ಯುಯಿಟಿ ಕಾಯಿದೆಯು, ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಸಂಬಳ ಲೆಕ್ಕಹಾಕಿ ಕೊಡಬೇಕೆಂದಿತು. ಪುರಾವೆಯೇ ಗೆದ್ದಲ ಪಾಲಾದರೆ ಕೇಳುವುದು ಹೇಗೆ?

ನಮ್ಮ ಎಷ್ಟೋ ಹೋಟೆಲು ಹುಡುಗರಿಗೆ ಆ ಪುಸ್ತಕವೂ ಇಲ್ಲ. ಬರುವ ಸಭೆಗೆ ಪ್ರತಿಯೊಬ್ಬರೂ ಕೆಲಸಕ್ಕೆ ಸೇರಿದ ತಾರೀಕು, ಮಾಲೀಕರ ಹೆಸರು, ಸಂಬಳ ಬರೆದು ತನ್ನಿರಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.