ನಮ್ಮ ಬೇರು ನಮ್ಮ ಕಸುಬಿನಲ್ಲಿದೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲ್ಲೂಕಿನ ಮಕ್ಕಳು ಇಲ್ಲಿ ಕುಳಿತಿದ್ದೀರಿ. ನಿಮಗೊಂದು ಪ್ರಶ್ನೆ. ನಿಮ್ಮ ಮುತ್ಯಾನ ಅಪ್ಪನ ಹೆಸರೇನು? ಆತ ಯಾವ ಕಸುಬು ಮಾಡುತ್ತಿದ್ದ? ಕೈ ಎತ್ತಿದವರು ಕಡಿಮೆ. ನಾಚಿಕೆಪಡಬೇಡಿ. ನಲವತ್ತು ದಾಟುವ ತನಕ ನನಗೂ ಗೊತ್ತಿರಲಿಲ್ಲ.

ನಾನು ಬೆಳೆದದ್ದು ಇಂದು ಕಲಬುರಗಿ ಎನ್ನುವ ಗುಲ್ಬರ್ಗಾದಲ್ಲಿ, ಎಂ.ಎಸ್.ಕೆ. ಮಿಲ್ಲಿನ ಹತ್ತಿರದ ಓಣಿಯೊಂದರಲ್ಲಿ. ಆ ಮಿಲ್ಲಿನ ಪೂರ್ತಿ ಹೆಸರಿನಲ್ಲಿರುವ 'ಮಹಬೂಬ್ ಶಾಹಿ' ಎಂಬುದು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ನೆನಪು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾದ ಮಿಲ್ಲು ಮುಂದೆ ಸರ್ಕಾರದ ಕೈಗೆ ಬಂದು ಕೊನೆಗೆ ಮುಚ್ಚಿತು. ಮಿಲ್ಲು ಹೋದರೂ ಓಣಿಗೆ ಅದರ ಹೆಸರು ಉಳಿಯಿತು. ನಾನು ಚಿಕ್ಕವನಿದ್ದಾಗ ಭೋಂಗಾ ಕೂಗಿದರೆ ಮನೆಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಪಾಳಿ ಮುಗಿಸಿ ಬಂದವರ ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿರುತ್ತಿತ್ತು.

ನಮ್ಮ ಮುತ್ಯಾ ಅಲ್ಲಿಯವನಲ್ಲ, ಶಹಾಪುರ ಸೀಮೆಯ ಹಳ್ಳಿಯವನು. ಆಗ ಈ ಮೂರೂ ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಶಹಾಪುರ, ಸುರಪುರದ ಕಡೆಯವರು ಯಾದಗಿರಿಗೆ ಬಂದು ರೈಲು ಹತ್ತಬೇಕಿತ್ತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ದುಡಿಮೆ ಹುಡುಕುವವರಿಗೆ ಇದೇ ಬಾಗಿಲಾಯಿತು. ಮುತ್ಯಾ ಹೆಗಲ ಮೇಲೊಂದು ದೊಡ್ಡ ಬಿಲ್ಲು ಹೊತ್ತು ಆ ರೈಲು ಹತ್ತಿದನೆಂದು ಆಯಿ ಹೇಳುತ್ತಿದ್ದಳು. ಬಿಲ್ಲೆಂದರೆ ಬೇಟೆಯ ಬಿಲ್ಲು ಎಂದೇ ನಾನು ತಿಳಿದಿದ್ದೆ. ಗೆಳೆಯರ ಮುಂದೆ, ನಮ್ಮವರು ಸುರಪುರದ ನಾಯಕ ಅರಸರ ದಂಡಿನಲ್ಲಿದ್ದರು ಎಂದು ಹೇಳಿಕೊಂಡದ್ದೂ ಉಂಟು!

ಸತ್ಯ ತಿಳಿದದ್ದು ಅಣ್ಣನ ಮಗಳಿಂದ. ಪಿ.ಯು.ಸಿ. ಮುಗಿಸಿ ಕಾಲೇಜು ಸೇರುವಾಗ ಅವಳಿಗೆ ಪ್ರವರ್ಗ-1ರ ಪ್ರಮಾಣಪತ್ರ ಬೇಕಾಯಿತು. ನಮ್ಮ ರಾಜ್ಯದಲ್ಲಿ ಪಿಂಜಾರ, ನದಾಫ ಸಮುದಾಯ ಆ ಪ್ರವರ್ಗದಲ್ಲಿದೆ. ನಾವು ಪಿಂಜಾರರೆಂದು ಸಂಬಂಧಿಕರಿಗೆಲ್ಲ ಗೊತ್ತು. ಆದರೆ ಅಪ್ಪ ನಮ್ಮನ್ನು ಶಾಲೆಗೆ ಹಾಕುವಾಗ ಜಾತಿಯ ಕಾಲಮಿನಲ್ಲಿ 'ಶೇಖ್' ಎಂದು ಬರೆಸಿದ್ದರು. "ಕಾಗದದಾಗ ಇಲ್ಲದ್ದು ನಾವು ಹ್ಯಾಂಗ ಕೊಡೋಣ?" ಎಂದರು ಕಚೇರಿಯವರು. ಆ ವರ್ಷದ ವಿದ್ಯಾರ್ಥಿವೇತನ ಕೈತಪ್ಪಿತು.

"ನಾವು ಯಾರು ಅಂತ ಯಾಕ ಬರಸ್ಲಿಲ್ಲ ಕಾಕಾ?" ಎಂದು ಹುಡುಗಿ ನನ್ನನ್ನು ಕೇಳಿದಳು. ನಾನು ಅಪ್ಪನನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಪಿಂಜಾರ ಅಂದ್ರ ಮಂದಿ ಸಣ್ಣವರಂಗ ನೋಡ್ತಿದ್ರು. ನೀವರೆ ತಲಿ ಎತ್ತಿ ನಡೀಲಿ ಅಂತ ಹಂಗ ಬರಸ್ದೆ" ಎಂದರು. ಆ ಮಾತಿಗೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ.

ಅಪ್ಪನನ್ನೇ ಕರೆದುಕೊಂಡು ಮುತ್ಯಾನ ಊರಿಗೆ ಹೋದೆ. ಮುತ್ಯಾ ಶಾಲೆ ಕಂಡವನಲ್ಲ. ಆದರೆ ಊರಲ್ಲೇ ಉಳಿದ ಅವನ ತಮ್ಮ ನಾಲ್ಕು ದಿನ ಶಾಲೆಗೆ ಹೋಗಿದ್ದನಂತೆ. ಹಳೆಯ ದಾಖಲಾತಿ ಪುಸ್ತಕ ಗೆದ್ದಲಿನ ಬಾಯಿಂದ ಅರ್ಧ ಉಳಿದಿತ್ತು. ಎಲ್ಲವೂ ಉರ್ದು, ಅಂಕಿಗಳೂ ಉರ್ದು, ವರ್ಷ 1350 ಫಸ್ಲಿ. ಅಲ್ಲಿದ್ದ ಶಿಕ್ಷಕರಿಗೆ ಓದಲು ಬರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಬರಲಿಲ್ಲ. ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು: ತಂದೆಯ ಕಸುಬು, ನದಾಫಿ.

'ನದಾಫ' ಎಂಬುದು ಹತ್ತಿ ಹಿಂಜುವವನಿಗೆ ಅರಬ್ಬಿಯಲ್ಲಿರುವ ಹೆಸರು. ಪಿಂಜಾರ ಎಂದರೂ ಅದೇ ಅರ್ಥ. ಮುತ್ಯಾ ಹೊತ್ತದ್ದು ಬೇಟೆಯ ಬಿಲ್ಲಲ್ಲ, ಹತ್ತಿ ಹಿಂಜುವ ಬಿಲ್ಲು. ಮನೆಮನೆಗೆ ಹೋಗಿ ಹಳೆ ಗಾದಿಯ ಹತ್ತಿಯನ್ನು ಹಿಂಜಿ ಹೂವಿನಂತೆ ಹಗುರ ಮಾಡುವುದು ಅವನ ಕೆಲಸ. ಬಿಲ್ಲಿನ ಕೆಲಸವನ್ನು ಯಂತ್ರ ಕಿತ್ತುಕೊಂಡಾಗ ಆತ ಯಂತ್ರದ ಬಳಿಗೇ ಹೋಗಿ, ಮಿಲ್ಲಿನಲ್ಲಿ ಹತ್ತಿ ಹಿಂಜುವ ಖಾತೆ ಸೇರಿದ. ಕಸುಬು ಬದಲಾಗಲಿಲ್ಲ, ಮಾಲೀಕ ಬದಲಾದ. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಪ್ರಾಣಕೊಟ್ಟ ಸೂಫಿ ಮನ್ಸೂರ್ ಅಲ್ ಹಲ್ಲಾಜರ ಹೆಸರು ಕೇಳಿದ್ದೀರಿ. 'ಹಲ್ಲಾಜ' ಎಂದರೂ ಹತ್ತಿ ಹಿಂಜುವವನೇ. ಉತ್ತರ ಭಾರತದ ಪಿಂಜಾರರು ಅವರ ನೆನಪಿನಲ್ಲಿ ಮನ್ಸೂರಿ ಎಂದು ಕರೆದುಕೊಳ್ಳುತ್ತಾರೆ. ನಾವು ಮುಚ್ಚಿಟ್ಟ ಹೆಸರನ್ನು ಅವರು ಹೆಮ್ಮೆಯಿಂದ ಹೊತ್ತಿದ್ದಾರೆ.

ಆ ಒಂದು ಸಾಲಿನ ನಕಲಿನಿಂದ ಮರುವರ್ಷ ಹುಡುಗಿಗೆ ಪ್ರಮಾಣಪತ್ರ ಸಿಕ್ಕಿತು. ಓದಿಕೊಟ್ಟ ಮಾಸ್ತರರು ಈಗಿಲ್ಲ.

ವಿದ್ಯಾರ್ಥಿಗಳೆ, ಅವಸರ ಇರುವುದು ಇಲ್ಲಿಯೇ. 1948ರ ತನಕ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದು. 1956ರಲ್ಲಿ ಕನ್ನಡ ನಾಡು ಸೇರಿದೆವು, ಒಳ್ಳೆಯದೇ ಆಯಿತು. ಆದರೆ ಹಳೆಯ ಕಾಗದ ಉರ್ದುವಿನಲ್ಲೇ ಉಳಿಯಿತು, ಓದುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಶ್ರೀಮಂತರಿಗೆ ವಂಶಾವಳಿ ಬರೆದಿಡುವವರಿದ್ದರು. ಬಡವರ ವಂಶಾವಳಿ ಇರುವುದು ಶಾಲೆಯ ದಾಖಲಾತಿಯಲ್ಲಿ, ಖಾಜಿಗಳ ನಿಕಾಹ್ ಪುಸ್ತಕದಲ್ಲಿ, ಹೊಲದ ಪಹಣಿಯಲ್ಲಿ, ಮಿಲ್ಲಿನ ಹಾಜರಿ ಚೀಟಿಯಲ್ಲಿ.

ಈ ರಜೆಯಲ್ಲಿ ಒಂದು ನೋಟ್‌ಬುಕ್ ಇಡಿ. ಮನೆಯ ಹಿರಿಯರ ಬಳಿ ಕೂತು ಹೆಸರು, ಊರು, ಕಸುಬು ಬರೆದುಕೊಳ್ಳಿ. ಆಯಿಯನ್ನು ಮರೆಯಬೇಡಿ, ತವರಿನ ಸಂಬಂಧಗಳೆಲ್ಲ ಅವಳ ನಾಲಿಗೆಯ ಮೇಲಿರುತ್ತವೆ. ಫಸ್ಲಿ ವರ್ಷ ಕಂಡರೆ 590 ಕೂಡಿಸಿ. ಅದು ಶುರುವಾದ ಇಸವಿ ಸಿಗುತ್ತದೆ. 1350 ಎಂದರೆ 1940. ಉರ್ದು ಅಕ್ಷರ, ಅಂಕಿ ಕಲಿಯಿರಿ. ಸಂಘದ ಹಿರಿಯರಲ್ಲಿ ಬಲ್ಲವರು ವಾರಕ್ಕೊಂದು ದಿನ ಮಕ್ಕಳಿಗೆ ಹಳೆಯ ಕಾಗದ ಓದಲು ಕಲಿಸಬೇಕೆಂದು ಕೈಮುಗಿದು ಕೇಳುತ್ತೇನೆ. ಇನ್ನೊಂದು ಮಾತು. ಇಲ್ಲದ್ದನ್ನು ಬರೆಸಬೇಡಿ, ಇದ್ದದ್ದನ್ನು ಮುಚ್ಚಬೇಡಿ.

ನಮ್ಮಪ್ಪ ತಲೆ ಎತ್ತಿ ನಡೆಯಲೆಂದು ಹೆಸರು ಮುಚ್ಚಿದರು. ಅವರ ಮೊಮ್ಮಗಳು ಅದೇ ಹೆಸರು ಹೇಳಿ ತಲೆ ಎತ್ತಿ ಕಾಲೇಜಿಗೆ ಹೋದಳು. ಹಲಾಲ್ ದುಡಿಮೆಯ ಯಾವ ಕಸುಬೂ ಸಣ್ಣದಲ್ಲ ಎಂದು ಹೇಳಿ ನನ್ನ ಮಾತು ಮುಗಿಸುತ್ತೇನೆ.