ಹಾಲಿಗೂ ಟೆಸ್ಟು, ಮಕ್ಕಳಿಗೂ ಟೆಸ್ಟು
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ದರ, ಬೋನಸ್ಸು, ಪಶು ಆಹಾರದ ವಿಚಾರ ಹೇಳಲು ನಮಗಿಂತ ಬಲ್ಲವರು ವೇದಿಕೆಯಲ್ಲಿದ್ದಾರೆ. ಶಾಲೆಯ ಬಗ್ಗೆ ಎರಡು ಮಾತು ಹೇಳಿ ಎಂದು ನಮಗೆ ಅಪ್ಪಣೆಯಾಗಿದೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹಸು ಕಟ್ಟಿದವರು. ದೊಡ್ಡ ಮಾತು ಬರುವುದಿಲ್ಲ. ಸಂಘದ ಭಾಷೆಯಲ್ಲೇ ಹೇಳುತ್ತೇವೆ.

ಡೇರಿಗೆ ಹಾಲು ತಂದರೆ ಮೊದಲು ಟೆಸ್ಟು. ಅಧ್ಯಕ್ಷರ ಮನೆ ಹಾಲಾದರೂ ಅಷ್ಟೇ, ಒಂದೇ ಹಸು ಇರುವ ಅಜ್ಜಿಯ ಹಾಲಾದರೂ ಅಷ್ಟೇ. ಫ್ಯಾಟು, ಎಸ್.ಎನ್.ಎಫ್. ನೋಡಿ ಬರೆಯುತ್ತಾರೆ. ಇದರಿಂದ ಸಂಘದ ಮೇಲೆ ನಂಬಿಕೆ ಉಳಿದಿದೆ. ಮಕ್ಕಳ ಕಲಿಕೆಗೂ ಇಂಥದೊಂದು ಟೆಸ್ಟು ಇರಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಟೆಸ್ಟು ಮಾಡಿದ ಮಾತ್ರಕ್ಕೆ ಫ್ಯಾಟು ಏರೋದಿಲ್ಲ. ಮೇವು, ಹಿಂಡಿ, ನೀರು ಸರಿಯಾಗಿ ಕೊಟ್ಟರೆ ಏರುತ್ತದೆ. ನಮ್ಮ ಮಾತಿನ ಸಾರಾಂಶ ಇಷ್ಟೇ. ಉಳಿದದ್ದು ವಿವರಣೆ.

ನಮ್ಮ ಕಾಲದಲ್ಲಿ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಫೇಲಾದವನು ಸೀದಾ ದನ ಕಾಯಲು ಹೋಗುತ್ತಿದ್ದ. ಹೆಣ್ಣುಮಗುವಾದರೆ ಒಲೆ ಮುಂದೆ ಕೂರಬೇಕಿತ್ತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೇ ತರಗತಿವರೆಗೆ ಯಾವ ಮಗುವನ್ನೂ ಫೇಲು ಮಾಡುವಂತಿಲ್ಲ, ಬೋರ್ಡ್ ಪರೀಕ್ಷೆ ಬೇಡ ಎಂದಾಯಿತು. ಶಾಲೆ ಬಿಡುವ ಮಕ್ಕಳನ್ನು ಉಳಿಸಿಕೊಳ್ಳಲು ಅದು ಬೇಕಾಗಿತ್ತು. ಆದರೆ ‘ಫೇಲಿಲ್ಲ’ ಅನ್ನೋದನ್ನು ‘ಕಲಿಯೋ ಹಂಗಿಲ್ಲ’ ಅಂತ ತಿಳಿದುಕೊಂಡವರೂ ಆದರು. 2019ರಲ್ಲಿ ಕಾಯಿದೆ ತಿದ್ದುಪಡಿಯಾಗಿ ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೆಯಲ್ಲಿ ಪರೀಕ್ಷೆ ಇಡಬೇಕು ಎಂದಾಯಿತು.

ನಮ್ಮ ರಾಜ್ಯದಲ್ಲಿ ಆಮೇಲೆ ಆದದ್ದು ನಿಮಗೆಲ್ಲ ನೆನಪಿರಬಹುದು. 2023ರ ಮಾರ್ಚಿನಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ಎಂದರು. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. ಏಕಸದಸ್ಯ ಪೀಠ ಬೇಡ ಎಂದಿತು, ವಿಭಾಗೀಯ ಪೀಠ ಆಗಲಿ ಎಂದಿತು, ತಿಂಗಳ ಕೊನೆಗೆ ಪರೀಕ್ಷೆ ನಡೆಯಿತು. 2024ರಲ್ಲಿ ಮತ್ತೆ ಅದೇ ಕಥೆ. ಮಾರ್ಚ್ 11ಕ್ಕೆ ಪರೀಕ್ಷೆ ಶುರುವಾಯಿತು, ಮರುದಿನವೇ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು, ಹೈಕೋರ್ಟ್ ಒಪ್ಪಿದ ಮೇಲೆ ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಹತ್ತು ಹನ್ನೊಂದು ವರ್ಷದ ಮಕ್ಕಳು ‘ನಾಳೆ ಪರೀಕ್ಷೆ ಐತಾ ಇಲ್ವಾ’ ಅಂತ ಕೇಳುತ್ತಿದ್ದರೆ ಮೇಷ್ಟ್ರಿಗೂ ಉತ್ತರ ಗೊತ್ತಿರಲಿಲ್ಲ. ಕೋರ್ಟಿನ ಸರಿ ತಪ್ಪು ಹೇಳುವವರು ನಾವಲ್ಲ. ಆದರೆ ಟೆಸ್ಟ್ ಮಾಡಿ ಚೀಟಿ ಕೊಡದೆ ಕಳಿಸಿದರೆ ಹಾಲು ಹಾಕಿದವನಿಗೆ ಏನು ಪ್ರಯೋಜನ?

ಟೆಸ್ಟಿನಲ್ಲಿಯೂ ಎರಡು ವಿಧ ಇರುವುದು ಸದಸ್ಯರಿಗೆ ಗೊತ್ತು. ಒಬ್ಬೊಬ್ಬರ ಹಾಲಿನದು ಒಂದು, ಟ್ಯಾಂಕರಿನ ಸ್ಯಾಂಪಲ್ ಒಂದು. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್ 4ರಂದು ನಡೆದ ‘ಪರಖ್’ ಸಮೀಕ್ಷೆ, ಇವೆಲ್ಲ ಟ್ಯಾಂಕರ್ ಸ್ಯಾಂಪಲ್ ಇದ್ದಂತೆ. ಕೆಲವು ಶಾಲೆ, ಕೆಲವು ಮಕ್ಕಳನ್ನು ಆರಿಸಿ ನೋಡಿ, ಜಿಲ್ಲೆಯ ಮತ್ತು ರಾಜ್ಯದ ಸ್ಥಿತಿ ಹೇಳುತ್ತಾರೆ. ನಿಮ್ಮ ಮಗ ಏನು ಕಲಿತ ಅಂತ ಅದರಿಂದ ತಿಳಿಯೋದಿಲ್ಲ. ಹಾಗೆಯೇ ‘ಅಸರ್’ ಎಂಬ ಸಮೀಕ್ಷೆಯವರು 2005ರಿಂದ ಹಳ್ಳಿ ಮನೆಗಳಿಗೇ ಬಂದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ತರಗತಿಯ ಸಾಲುಗಳು, ಕೊನೆಗೆ ಎರಡನೇ ತರಗತಿಯ ಸಣ್ಣ ಕಥೆ. ಲೆಕ್ಕದಲ್ಲಿ ದಶಕ ಪಡೆದು ಕಳೆಯುವುದು, ಭಾಗಿಸುವುದು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ ತೆರೆದ ಮೇಲೆ ಅವರು ಮಾಡಿದ 2022ರ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಆ ಎರಡನೇ ತರಗತಿಯ ಕಥೆ ಓದಿದವರು ಹತ್ತಕ್ಕೆ ಸುಮಾರು ಮೂವರು ಮಾತ್ರ. 2018ರಲ್ಲಿಯೂ ಅರ್ಧದಷ್ಟು ಇರಲಿಲ್ಲ. ಇದು ಎದೆಗೆ ತಾಗಬೇಕಾದ ಮಾತು.

ಇದನ್ನು ಕೇಳಿದ ತಕ್ಷಣ ‘ಮೇಷ್ಟ್ರು ಸರಿಯಿಲ್ಲ’ ಎನ್ನುವುದು ಸುಲಭ. ಸ್ವಲ್ಪ ಯೋಚನೆ ಮಾಡೋಣ. ಬೆಂಗಳೂರು ದಕ್ಷಿಣದ ಸರ್ಕಾರಿ ಶಾಲೆಗಳಿಗೆ ಈಗ ಯಾರ ಮಕ್ಕಳು ಬರುತ್ತಾರೆ? ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಆಡುವವರ ಮಕ್ಕಳು. ಕೆಲಸ ಮುಗಿದರೆ ಶೆಡ್ಡು ಕಿತ್ತು ಬೇರೆ ಕಡೆಗೆ ಹೋಗುತ್ತಾರೆ. ಜೂನ್‌ನಲ್ಲಿ ಸೇರಿದ ಮಗು ಪರೀಕ್ಷೆ ಹೊತ್ತಿಗೆ ಎಲ್ಲಿರುತ್ತದೋ! ಊರಿನ ಅನುಕೂಲಸ್ಥರ ಮಕ್ಕಳು ಹಳದಿ ವ್ಯಾನು ಹತ್ತಿ ಹೋಗಿಬಿಡುತ್ತಾರೆ. ಒಬ್ಬರೇ ಮೇಡಂ ಎರಡು ಮೂರು ತರಗತಿ ನೋಡಿಕೊಳ್ಳಬೇಕು, ಜೊತೆಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ. ಅಂಕ ಮಾತ್ರ ನೋಡಿ ಈ ಶಾಲೆಯನ್ನು ಟ್ಯೂಷನ್ನಿಗೆ ಕಳಿಸುವವರ ಶಾಲೆಯ ಜೊತೆ ತೂಗಿದರೆ, ಹಿಂಡಿ ತಿಂದ ಹಸುವನ್ನೂ ಬಯಲಲ್ಲಿ ಮೇಯ್ದ ಹಸುವನ್ನೂ ಒಂದೇ ಸಾಲಿನಲ್ಲಿ ಕಟ್ಟಿದ ಹಾಗೆ. ಮಗು ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿದೆ ಎಂಬುದೇ ಸರಿಯಾದ ತೂಕ.

ಇದಕ್ಕೆ ಸಂಘಕ್ಕೇನು ಸಂಬಂಧ ಎಂದು ಕೆಲವರು ಕೇಳಬಹುದು. ಸುತ್ತ ನೋಡಿ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ ಆದಾಗ ಸುತ್ತಮುತ್ತ ಹೊಲ, ತೋಟ, ಕೆರೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಹಳ್ಳಿಗಳ ಹೆಸರು. ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಕತ್ರಿಗುಪ್ಪೆ ಎಲ್ಲವೂ ರಾಗಿ ಬೆಳೆದ ಊರುಗಳೇ. ಹೊಲ ಲೇಔಟಾದಾಗ ಬಂದ ದುಡ್ಡು ಎಷ್ಟೋ ಮನೆಗಳಲ್ಲಿ ಮದುವೆಗೆ, ಕಾರಿಗೆ ಕರಗಿತು. ಓದಿದವರು ನಿಂತುಕೊಂಡರು. ಓದದವರಲ್ಲಿ ಕೆಲವರು ತಾತನ ಹೊಲದಲ್ಲೇ ಎದ್ದ ಅಪಾರ್ಟ್‌ಮೆಂಟಿನ ಗೇಟು ಕಾಯುವಂತಾಯಿತು. ಆ ಅಲೆ ನಮ್ಮೂರ ಅಂಚಿಗೂ ಬಂದಿದೆ. ಇನ್ನು ಇಪ್ಪತ್ತೈದು ವರ್ಷಕ್ಕೆ ಕೊಟ್ಟಿಗೆ ಎಷ್ಟು ಉಳಿಯುತ್ತದೋ ಹೇಳಲಾರೆವು. ಉಳಿಯುವ ಆಸ್ತಿ ಮಕ್ಕಳ ಓದು ಒಂದೇ.

ಇನ್ನೊಂದು ಸಂಬಂಧವೂ ಇದೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ನಮ್ಮಂಥವರು ಕರೆದ ಹಾಲೇ ಪುಡಿಯಾಗಿ ಶಾಲೆ ಮಕ್ಕಳ ಲೋಟಕ್ಕೆ ಬರುತ್ತದೆ. ಹೊಟ್ಟೆಗೆ ಹಾಲು ಕೊಟ್ಟವರು ತಲೆಗೆ ನಾಲ್ಕು ಅಕ್ಷರ ಹತ್ತಿತೋ ಇಲ್ಲವೋ ಎಂದು ವಿಚಾರಿಸುವುದು ನ್ಯಾಯವಲ್ಲವೇ?

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇವೆ.

ಒಂದು, ಸಂಜೆ ಹಾಲು ಅಳೆದ ಮೇಲೆ ಸಂಘದ ಹಾಲ್ ಖಾಲಿ ಇರುತ್ತದೆ, ಲೈಟು, ಫ್ಯಾನು ಇದೆ. ಅಲ್ಲಿ ದಿನಾ ಒಂದು ಗಂಟೆ ಓದಿನ ಮನೆ ನಡೆಯಲಿ. ಪಿ.ಯು.ಸಿ. ಓದುವ ನಮ್ಮೂರ ಹುಡುಗ ಹುಡುಗಿಯರು ಓದಿಸಲಿ. ಬೈಲಾದಲ್ಲಿ ಅವಕಾಶ ಇರುವಷ್ಟು ಹಣವನ್ನು ಮಹಾಸಭೆಯ ಒಪ್ಪಿಗೆ ಪಡೆದು ಕೊಡೋಣ. ವಲಸೆ ಬಂದವರ ಮಕ್ಕಳಿಗೂ ಬಾಗಿಲು ತೆರೆದಿರಲಿ.

ಎರಡು, ವರ್ಷಕ್ಕೆ ಎರಡು ಸಲ, ಮೇಷ್ಟ್ರು ಒಪ್ಪಿದ ರೀತಿಯಲ್ಲಿ, ಪ್ರತಿ ಮಗುವಿನಿಂದ ಒಂದು ಪುಟ ಓದಿಸಿ ಎರಡು ಲೆಕ್ಕ ಮಾಡಿಸಿ ಪುಸ್ತಕದಲ್ಲಿ ಬರೆದಿಡೋಣ. ಅದು ತಂದೆ ತಾಯಿಗೆ ಮತ್ತು ಮೇಷ್ಟ್ರಿಗೆ ಮಾತ್ರ. ಚಾವಡಿ ಗೋಡೆಗೆ ಅಂಟಿಸಿ ಮಗುವಿನ ಮಾನ ಕಳೆಯುವುದು ಬೇಡ.

ಮೂರು, 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್.ಡಿ.ಎಂ.ಸಿ. ಇದೆ. ಅದರ ಸಭೆಗೆ ಸಹಿ ಹಾಕಲು ಮಾತ್ರ ಹೋಗುವುದು ಬೇಡ. ಮೇಷ್ಟ್ರ ಹುದ್ದೆ ಖಾಲಿ ಇದ್ದರೆ ಬಿ.ಇ.ಓ. ಆಫೀಸಿಗೆ ಅರ್ಜಿ ಹಿಡಿದು ಎಲ್ಲರೂ ಒಟ್ಟಿಗೆ ಹೋಗೋಣ. ಹಾಲಿನ ದರಕ್ಕೆ ಟ್ರ್ಯಾಕ್ಟರ್ ತುಂಬ ಹೋಗುವ ಜನ ನಾವು, ಇದಕ್ಕೂ ಹೋಗಬಲ್ಲೆವು.

ನಾಲ್ಕು, ರಾಗಿ ಕುಯ್ಲಿಗೆ, ಕೂಸು ನೋಡಿಕೊಳ್ಳುವುದಕ್ಕೆ ಅಂತ ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ತಾಯಂದಿರಲ್ಲಿ ಕೈಮುಗಿದು ಕೇಳುತ್ತೇವೆ, ದಿನಾ ಡೇರಿ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು ಓದಿಸಿ. ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ದುಡ್ಡು ಅಂತ ಹೇಳಲಿ. ಅದಕ್ಕಿಂತ ಒಳ್ಳೆಯ ಲೆಕ್ಕದ ಪುಸ್ತಕ ಬೇರೆ ಬೇಕಿಲ್ಲ.

ಸರ್ಕಾರ ಪರೀಕ್ಷೆ ಇಟ್ಟರೂ ಇಡಲಿ, ಬಿಟ್ಟರೂ ಬಿಡಲಿ. ಐದನೇ ತರಗತಿ ದಾಟುವ ನಮ್ಮೂರ ಪ್ರತಿ ಮಗುವೂ ಒಂದು ಪುಟ ತಡವರಿಸದೆ ಓದಬೇಕು, ಚೀಟಿಯ ಲೆಕ್ಕ ಹಾಕಬೇಕು. ಸಂಘದ ಮುಂದಿನ ಇಪ್ಪತ್ತೈದು ವರ್ಷದ ಕೆಲಸದಲ್ಲಿ ಇದೂ ಒಂದಾಗಲಿ ಎಂದು ಕೋರಿ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.