ವಿಎಫ್‌ಎಕ್ಸ್ ಕ್ಷೇತ್ರದಲ್ಲಿ ತಾಂತ್ರಿಕ ಉದ್ಯೋಗ: ಓಂ ಬೀಚಿನಲ್ಲಿ ಕೇಳಿದ ಒಂದು ಪ್ರಶ್ನೆ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಬಿ.ಎಡ್. ಮಾಡಿದವಳು, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಸಿನಿಮಾದ ವಿಎಫ್‌ಎಕ್ಸ್ ಬಗ್ಗೆ ಇವರೇನು ಹೇಳಿಯಾರು ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅದು ನ್ಯಾಯವೇ. ಕಾರಣ ಮೊದಲೇ ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಗೋಕರ್ಣದ ಓಂ ಬೀಚಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಮೆಟ್ಟಿಲು ಇಳಿಯುವ ಮೊದಲು ಮೇಲೆ ನಿಂತು ನೋಡಿದರೆ ಅರ್ಧಚಂದ್ರದಂಥ ಎರಡು ಮರಳ ದಂಡೆಗಳು, ನಡುವೆ ಕಡಲಿಗೆ ಚಾಚಿದ ಕಪ್ಪು ಬಂಡೆಗಳು. ಆ ಆಕಾರದಿಂದಲೇ ಅದಕ್ಕೆ ಆ ಹೆಸರು. ಅಲೆ ಬಂಡೆಗೆ ಬಡಿದು ನೊರೆ ಚಿಮ್ಮುವುದನ್ನು ಮಕ್ಕಳು ನನ್ನ ಮೊಬೈಲಿನಲ್ಲಿ ತೆಗೆಯುತ್ತಿದ್ದರು. ಒಬ್ಬ ಹುಡುಗ ಕೇಳಿದ: "ಟೀಚರ್, ಇಂಥ ಅಲೆಯನ್ನು ಕಂಪ್ಯೂಟರಿನಲ್ಲೇ ಮಾಡ್ತಾರಂತೆ. ಮಾಡುವವರಿಗೆ ಸಂಬಳ ಕೊಡ್ತಾರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವನು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿ. ಅವನ ಬಳಿ ಕೇಳಿ, ಓದಿ ತಿಳಿದದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಆ ಹುಡುಗನ ಹೆಸರು ಹೇಳುವುದಿಲ್ಲ, ಬೇಡ ಎಂದು ಅವನೇ ಹೇಳಿದ್ದಾನೆ. ಪಿಯುಸಿ ಮುಗಿದ ಮೇಲೆ ಒಂದು ಪಟ್ಟಣದ ಅನಿಮೇಷನ್ ತರಬೇತಿ ಸಂಸ್ಥೆಗೆ ಸೇರಿದ. ಬೋರ್ಡಿನ ಮೇಲೆ "ನೂರಕ್ಕೆ ನೂರು ಉದ್ಯೋಗ" ಎಂದು ಬರೆದಿತ್ತು. ತಾಯಿ ಬಳೆ ಅಡವಿಟ್ಟರು. ಅಲ್ಲಿ ಅವನು ಕಲಿತದ್ದು ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಾತ್ರ. ಏಕೆ ಹಾಗಾಗುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಸ್ವಂತ ಓಡಾಟದಿಂದ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ರೋಟೊ ಕೆಲಸ ಹಿಡಿದ. ಎರಡು ವರ್ಷ ರಾತ್ರಿ ಪಾಳಿ. ಪ್ರಾಜೆಕ್ಟ್ ಮುಗಿಯಿತು, ಕರಾರೂ ಮುಗಿಯಿತು. ಊರಿಗೆ ಬಂದು ಆರು ತಿಂಗಳು ಕುಳಿತ. ಮದುವೆ ಮನೆಗಳಲ್ಲಿ "ಈಗೇನು ಮಾಡ್ತಿದ್ದೀ?" ಎಂದು ಕೇಳುವವರಿಗೆ ನಮ್ಮಲ್ಲಿ ಬರವಿಲ್ಲವಲ್ಲ! ಅವನು ದಾವತ್‌ಗೆ ಹೋಗುವುದನ್ನೇ ಬಿಟ್ಟ. ಆ ಆರು ತಿಂಗಳಲ್ಲಿ ಮನೆಯಲ್ಲೇ ಕುಳಿತು ಪೈಥಾನ್ ಕಲಿತ. ಇವತ್ತು ಅವನು ಅದೇ ಕ್ಷೇತ್ರದಲ್ಲಿದ್ದಾನೆ, ಆದರೆ ಬೇರೆ ಕುರ್ಚಿಯಲ್ಲಿ. ಆ ಎರಡು ಕುರ್ಚಿಗಳ ವ್ಯತ್ಯಾಸವೇ ಇವತ್ತಿನ ನನ್ನ ವಿಷಯ.

ಒಂದು ದೃಶ್ಯ ಊಹಿಸಿಕೊಳ್ಳಿ. ವಿಜಯನಗರದ ಕಾಲದಲ್ಲಿ ನಮ್ಮ ಭಟ್ಕಳದ ಬಂದರಿಗೆ ಸಮುದ್ರದಾಚೆಯಿಂದ ಕುದುರೆಗಳು ಬರುತ್ತಿದ್ದವು ಎಂದು ಚರಿತ್ರೆಯಲ್ಲಿ ಓದಿದ್ದೀರಿ. ಕುದುರೆ ಹೊತ್ತ ಹಾಯಿಹಡಗು ದಡಕ್ಕೆ ಬರುವುದನ್ನು ನಿರ್ದೇಶಕರೊಬ್ಬರು ಓಂ ಬೀಚಿನಲ್ಲಿ ಚಿತ್ರೀಕರಿಸಬೇಕೆಂದಿದ್ದಾರೆ. ಹಡಗೂ ಇಲ್ಲ, ಕುದುರೆಯೂ ಇಲ್ಲ. ಇರುವುದು ಕಡಲು, ಬಂಡೆ, ಜೊತೆಗೆ ಇವತ್ತಿನ ಅಂಗಡಿ, ಮೋಟಾರ್ ದೋಣಿ, ತೇಲುವ ಪ್ಲಾಸ್ಟಿಕ್ ಬಾಟಲಿ. ಇವನ್ನೆಲ್ಲ ಚಿತ್ರದಿಂದ ಅಳಿಸುವುದು ಪೇಂಟ್ ವಿಭಾಗದ ಕೆಲಸ. ಹಡಗು ಬಂಡೆಯ ಹಿಂದಿನಿಂದ ಹಾದುಹೋಗಬೇಕಾದರೆ ಬಂಡೆಯನ್ನು ಅಂಚು ಹಿಡಿದು ಕತ್ತರಿಸಿ ಬೇರೆ ಮಾಡಬೇಕು. ಅದೇ ರೋಟೊ. ಇದು ಹೊಸದೇನಲ್ಲ, ಅಮೆರಿಕದ ಮ್ಯಾಕ್ಸ್ ಫ್ಲೈಶರ್ ರೋಟೊಸ್ಕೋಪಿಗೆ 1917ರಲ್ಲೇ ಪೇಟೆಂಟ್ ಪಡೆದಿದ್ದರು. ಮುಂದಿನದು ಮ್ಯಾಚ್‌ಮೂವ್. ಕ್ಯಾಮೆರಾ ಹೇಗೆ ಚಲಿಸಿತು ಎಂದು ಲೆಕ್ಕ ಹಾಕುವ ಕೆಲಸ ಅದು. ಆ ಲೆಕ್ಕ ತಪ್ಪಿದರೆ ಹಡಗು ನೀರಿನ ಮೇಲೆ ಜಾರುವಂತೆ ಕಾಣುತ್ತದೆ. ಹಡಗಿನ ಮೂತಿ ಸೀಳುವ ನೀರು, ನೊರೆ, ಹನಿ ಇವೆಲ್ಲ ಎಫೆಕ್ಟ್ಸ್ ವಿಭಾಗದ್ದು. ಕೊನೆಗೆ ಎಲ್ಲವನ್ನೂ ಒಂದೇ ಚಿತ್ರವಾಗಿ ಹೊಂದಿಸುವವರು ಕಾಂಪೋಸಿಟರ್.

ಈಗ ಲೆಕ್ಕ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಹತ್ತು ಸೆಕೆಂಡಿನ ದೃಶ್ಯಕ್ಕೆ 240. ಒಂದು ಚಿತ್ರ ತಯಾರಿಸಲು ಒಂದು ಕಂಪ್ಯೂಟರಿಗೆ ಎರಡು ಗಂಟೆ ಬೇಕು ಎಂದಿಟ್ಟುಕೊಳ್ಳಿ. 480 ಗಂಟೆ, ಅಂದರೆ ಇಪ್ಪತ್ತು ದಿನ. ನೂರು ಕಂಪ್ಯೂಟರುಗಳಿಗೆ ಹಂಚಿದರೆ ಐದಾರು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಹಂಚುವವರು ಯಾರು? ನಡುರಾತ್ರಿ 173ನೇ ಚಿತ್ರ ಕೈಕೊಟ್ಟರೆ ಕಂಡುಹಿಡಿಯುವವರು ಯಾರು? ಮಾಡೆಲ್ ಬದಲಾದದ್ದು ಲೈಟಿಂಗ್ ವಿಭಾಗಕ್ಕೆ ತಾನಾಗಿ ತಲುಪುವ ವ್ಯವಸ್ಥೆ ಮಾಡುವವರು ಯಾರು? ಅವರೇ ಟೆಕ್ನಿಕಲ್ ಡೈರೆಕ್ಟರ್, ಪೈಪ್‌ಲೈನ್ ಟಿಡಿ. ಹೆಸರಿನಲ್ಲಿ ಡೈರೆಕ್ಟರ್ ಇದ್ದರೂ ಸಿನಿಮಾ ನಿರ್ದೇಶಕರಲ್ಲ. ಚಿತ್ರ ಬಿಡಿಸಲು ಬರಬೇಕೆಂದೂ ಇಲ್ಲ. ಪೈಥಾನ್ ಬರೆಯಬೇಕು, ಲಿನಕ್ಸ್ ತಿಳಿದಿರಬೇಕು, ಬೇರೆಯವರ ತೊಂದರೆಯನ್ನು ತಾಳ್ಮೆಯಿಂದ ಕೇಳಬೇಕು. ನನ್ನ ವಿದ್ಯಾರ್ಥಿ ಈಗ ಕುಳಿತಿರುವುದು ಈ ಕುರ್ಚಿಯಲ್ಲಿ. ರೋಟೊ ಮತ್ತು ಪೇಂಟ್ ಕೆಲಸದ ದೊಡ್ಡ ಪಾಲನ್ನು ಕೃತಕ ಬುದ್ಧಿಮತ್ತೆಯ ಸಾಧನಗಳು ತಿನ್ನುತ್ತಿರುವ ಈ ಹೊತ್ತಿನಲ್ಲಿ ಮಕ್ಕಳು ಬರೀ ಅದನ್ನೇ ನಂಬಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳೇ, ಮ್ಯಾಟ್ರಿಕ್ಸ್ ಯಾಕೆ ಕಲಿಯಬೇಕು ಎಂದು ನೀವು ಗೊಣಗುತ್ತೀರಿ. ಕ್ಯಾಮೆರಾ ತಿರುಗುವುದು, ಹಡಗು ಓಲಾಡುವುದು, ಎಲ್ಲವೂ ಮ್ಯಾಟ್ರಿಕ್ಸ್ ಗುಣಾಕಾರವೇ. ಬೆಳಕು ಮೇಲ್ಮೈಗೆ ಯಾವ ಕೋನದಲ್ಲಿ ಬೀಳುತ್ತದೆ ಎಂಬುದು ವೆಕ್ಟರ್ ಪಾಠದಲ್ಲಿದೆ. ಸಮುದ್ರದ ಅಲೆಗಳನ್ನು ಗಣಿತದಿಂದ ಮೂಡಿಸುವ ವಿಧಾನವನ್ನು ಸಿನಿಮಾಕ್ಕೆ ತಂದ ಜೆರ್ರಿ ಟೆಸೆಂಡಾರ್ಫ್ ಓದಿದ್ದು ಭೌತಶಾಸ್ತ್ರ. 1997ರ 'ಟೈಟಾನಿಕ್' ಚಿತ್ರದ ಕಡಲಿನ ಹಿಂದೆ ಆ ಗಣಿತವಿದೆ. ಕೆನ್ ಪರ್ಲಿನ್ ಎಂಬವರು 'ಟ್ರಾನ್' ಚಿತ್ರದ ಕೆಲಸದ ನಂತರ ರೂಪಿಸಿದ ಒಂದು ಸೂತ್ರದಿಂದ ಇವತ್ತಿಗೂ ಮೋಡ, ಹೊಗೆ, ಕಲ್ಲಿನ ಒರಟುತನ ಮೂಡಿಸುತ್ತಾರೆ. ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿತು.

ನಮ್ಮ ಸಭೆಗಳಲ್ಲಿ ಇಬ್ನುಲ್ ಹೈಸಮರ ಹೆಸರು ಪ್ರತಿ ವರ್ಷ ಬರುತ್ತದೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್'ನಲ್ಲಿ ತೋರಿಸಿದವರು. ತಮಾಷೆಯೆಂದರೆ, ಇವತ್ತಿನ ರೆಂಡರಿಂಗ್‌ನಲ್ಲಿ ಸಮಯ ಉಳಿಸಲೆಂದು ಕಂಪ್ಯೂಟರ್ ಆ ಕಿರಣವನ್ನು ಕ್ಯಾಮೆರಾದಿಂದ ಹಿಮ್ಮುಖವಾಗಿ ಹಿಂಬಾಲಿಸುತ್ತದೆ. ನಾವು ಅವರ ಹೆಸರು ಹೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಮರುದಿನ ಫಿಸಿಕ್ಸ್ ಕಷ್ಟ ಎಂದು ಮಗಳನ್ನು ಸೈನ್ಸ್‌ನಿಂದ ಬಿಡಿಸುತ್ತೇವೆ. ಈ ಮಾತಿಗೆ ಹಿರಿಯರು ಬೇಸರಿಸಬಾರದು.

ನಮ್ಮ ರಾಜ್ಯದಲ್ಲಿ ಅವಕಾಶ ಇದೆಯೇ? ಇದೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲೇ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿ ಬಂದಿದೆ. 'ಕೆಜಿಎಫ್' ಮೊದಲ ಭಾಗಕ್ಕೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ವಿಶೇಷ ಪರಿಣಾಮಗಳ ಪ್ರಶಸ್ತಿ ಸಂದಿತು. ಆಸ್ಕರ್ ಪಡೆದ 'ದಿ ಜಂಗಲ್ ಬುಕ್' ಚಿತ್ರದ ದೃಶ್ಯಗಳಲ್ಲಿ ಬೆಂಗಳೂರಿನಲ್ಲಿ ಕುಳಿತ ಕಲಾವಿದರ ಕೈಕೆಲಸವೂ ಇತ್ತು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ನಾನು ಆ ತರಬೇತಿ ಸಂಸ್ಥೆಯ ಬೋರ್ಡಿನಂತೆಯೇ ಆದೇನು. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಂ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಚಿತ್ರಕ್ಕೆ ಆಸ್ಕರ್ ಬಂತು. ಇನ್ನು 'ಜಂಗಲ್ ಬುಕ್' ಮಾಡಿದ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿಯಿತು. ಭಾರತದಲ್ಲಿ ಮುಖ್ಯವಾಗಿ ಬೆಂಗಳೂರಿನಲ್ಲಿದ್ದ ಸುಮಾರು ಮೂರು ಸಾವಿರ ಜನರು ಕೆಲಸ ಕಳೆದುಕೊಂಡರು. ಅವರಲ್ಲಿ ಒಳ್ಳೆಯ ಕೆಲಸಗಾರರು ಬಹಳ ಜನ ಇದ್ದರು. ಕೆಲಸ ಚೆನ್ನಾಗಿ ಮಾಡಿದರೆ ಸಾಕು ಎಂಬುದು ಇಲ್ಲಿ ಪೂರ್ತಿ ನಿಜವಲ್ಲ. ಗಲ್ಫಿನಲ್ಲಿ ಕಂಪನಿ ಮುಚ್ಚಿ ವೀಸಾ ರದ್ದಾಗಿ ಮರಳಿದವರು ನಮ್ಮ ಮನೆಮನೆಯಲ್ಲಿದ್ದಾರೆ, ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಪೈಥಾನ್, ಗಣಿತ, ಲಿನಕ್ಸ್ ಬಲ್ಲವನಿಗೆ ಸ್ಟುಡಿಯೊ ಮುಚ್ಚಿದರೆ ಗೇಮಿಂಗ್, ವಾಹನ ವಿನ್ಯಾಸ, ಸಾಫ್ಟ್‌ವೇರ್ ಕಂಪನಿಗಳ ಬಾಗಿಲು ತಟ್ಟಲು ಸಾಧ್ಯ. ರೋಟೊ ಮಾತ್ರ ಬಲ್ಲವನಿಗೆ ಆ ಬಾಗಿಲುಗಳಿಲ್ಲ. ಅದಕ್ಕೇ ಒಂದು ಪದವಿ ಮುಗಿಸಿ ಎನ್ನುತ್ತೇನೆ, ಬಿಸಿಎ ಆಗಲಿ, ಬಿಎಸ್ಸಿ ಆಗಲಿ, ಇಂಜಿನಿಯರಿಂಗ್ ಆಗಲಿ.

ಸಿನಿಮಾದ ಕೆಲಸ ನಮಗೆ ಸರಿಯೇ ಎಂದು ಕೆಲವು ಪಾಲಕರು ನನ್ನಲ್ಲಿ ಕೇಳಿದ್ದಾರೆ. ಅದಕ್ಕೆ ಉತ್ತರಿಸುವ ಅರ್ಹತೆ ನನಗಿಲ್ಲ, ತಿಳಿದವರನ್ನು ಕೇಳಿ. ಇದೇ ಕೌಶಲ ಕಟ್ಟಡ ವಿನ್ಯಾಸಕ್ಕೂ ವೈದ್ಯಕೀಯ ಶಿಕ್ಷಣಕ್ಕೂ ಬೇಕು ಎಂಬುದನ್ನಷ್ಟೇ ಹೇಳಬಲ್ಲೆ. ಹೆಣ್ಣುಮಕ್ಕಳು ಮನೆಯಿಂದ ಮಾಡಬಹುದೇ ಎಂದೂ ಒಬ್ಬ ತಾಯಿ ಕೇಳಿದರು. ಕೆಲವು ಕಡೆ ಸಾಧ್ಯವಿದೆ, ಆದರೆ ಬಿಡುಗಡೆಯಾಗದ ಚಿತ್ರದ ದೃಶ್ಯಗಳು ಹೊರಹೋಗಬಾರದೆಂಬ ಕಟ್ಟುನಿಟ್ಟು ಇರುವುದರಿಂದ ಎಲ್ಲರೂ ಒಪ್ಪುವುದಿಲ್ಲ.

ಕಲಿಯಲು ಬಳೆ ಅಡವಿಡಬೇಕಾಗಿಲ್ಲ. ಬ್ಲೆಂಡರ್ ಎಂಬ ತಂತ್ರಾಂಶ 2002ರಿಂದ ಮುಕ್ತವಾಗಿದೆ, ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಗೆದ್ದ 'ಫ್ಲೋ' ಎಂಬ ಅನಿಮೇಷನ್ ಚಿತ್ರ ತಯಾರಾದದ್ದು ಅದರಲ್ಲೇ. ನೀರು, ಹೊಗೆ ಮಾಡುವ ಹೌಡಿನಿ, ಕಾಂಪೋಸಿಟಿಂಗ್‌ನ ನ್ಯೂಕ್, ಇವೆರಡಕ್ಕೂ ಕಲಿಯುವವರಿಗಾಗಿ ಉಚಿತ ಆವೃತ್ತಿಗಳಿವೆ. ಕೆಲಸ ಕೇಳಲು ಹೋಗುವಾಗ ತೋರಿಸುವ ಶೋರೀಲ್ ಒಂದೆರಡು ನಿಮಿಷ ಇದ್ದರೆ ಸಾಕು. ಚೆನ್ನಾಗಿರುವುದು ಮೊದಲು ಬರಲಿ. ಯಾವುದು ನಿಮ್ಮ ಕೈಕೆಲಸ, ಯಾವುದು ಬೇರೆಯವರದು ಎಂದು ಅದರಲ್ಲೇ ಬರೆಯಿರಿ. ಕದ್ದದ್ದು ಇಲ್ಲಿ ಬೇಗ ಸಿಕ್ಕಿಬೀಳುತ್ತದೆ ಎಂದು ನನ್ನ ವಿದ್ಯಾರ್ಥಿ ಒತ್ತಿ ಹೇಳಿದ್ದಾನೆ.

ಓಂ ಬೀಚಿನಲ್ಲಿ ತೆಗೆದ ಆ ಅಲೆಯ ವೀಡಿಯೊ ಇನ್ನೂ ನನ್ನ ಮೊಬೈಲಿನಲ್ಲಿದೆ. ಪ್ರಶ್ನೆ ಕೇಳಿದ ಹುಡುಗ ನಮ್ಮ ಶಾಲೆಯ ಲ್ಯಾಬಿನಲ್ಲಿ ಬ್ಲೆಂಡರ್ ಹಾಕಿಸಿಕೊಂಡು ಅದರ ಮೇಲೆ ಒಂದು ಹಡಗು ತೇಲಿಸಲು ಹೊರಟಿದ್ದಾನೆ. ಸದ್ಯಕ್ಕೆ ಹಡಗು ಬಂಡೆಯ ಒಳಗಿನಿಂದಲೇ ಹಾದುಹೋಗುತ್ತಿದೆ. ಲ್ಯಾಬಿನಲ್ಲಿ ಕೆಲಸ ಮಾಡುವ ಯಂತ್ರಗಳು ಐದು, ಅದರಲ್ಲೂ ಮಳೆಗಾಲದಲ್ಲಿ ಕರೆಂಟ್ ಇದ್ದರೆ ಪುಣ್ಯ. ಸಂಘದವರು ಇನ್ನೆರಡು ಒಳ್ಳೆಯ ಕಂಪ್ಯೂಟರ್ ಮತ್ತು ಒಂದು ಯುಪಿಎಸ್ ಕೊಡಿಸಿದರೆ ಭಾನುವಾರದ ತರಗತಿ ಶುರು ಮಾಡಲು ಹೆಡ್‌ಮಾಸ್ತರರು ಒಪ್ಪಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿ ರಜೆಯಲ್ಲಿ ಬಂದಾಗ ಕಲಿಸುತ್ತೇನೆಂದಿದ್ದಾನೆ. ಅರ್ಜಿಯನ್ನು ಕಾರ್ಯದರ್ಶಿಗಳ ಕೈಗೆ ಈಗಲೇ ಕೊಟ್ಟು ಇಳಿಯುತ್ತೇನೆ.